ಐದು ಜನಕ್ಕೆ ಒಂದೇ ಟಿಕೆಟ್: ಜಪಾನಿನ ಸೇಶುನ್ 18 ಕಿಪ್ಪು, ಹಳೆಯದು ಮತ್ತು ಹೊಸದು

ಈ ರೈಲು ಟಿಕೆಟ್ಟನ್ನು ನಾನು ಎರಡು ಸಲ ಬಳಸಿದ್ದೇನೆ. 2024ರ ಮಾರ್ಚ್‌ನಲ್ಲಿ ಒಮ್ಮೆ, ಅದೇ ವರ್ಷ ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ಹೆಸರು ಅದೇ, ಐದು ದಿನದ ಬೆಲೆಯೂ ಅದೇ. ಆದರೆ ನಡುವೆ ನಿಯಮ ಬದಲಾಗಿ ಟಿಕೆಟ್ಟೇ ಬೇರೆಯಾಗಿಬಿಟ್ಟಿತು. ಹಳೆಯದಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಹೊಸದಕ್ಕೆ ಮೂರು. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಜಪಾನಿಗೆ ಓದೋಕೆ ಬಂದ ಹೊಸದರಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದ್ದೆ. "ಜಪಾನ್ ರೈಲ್ ಪಾಸ್ ತಗೋ, ದೇಶ ಪೂರ್ತಿ ಓಡಾಡು" ಅಂತ ಊರಿನಲ್ಲಿ ಯಾರೋ ಹೇಳಿದ್ದರು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಆ ಪಾಸು ಸ್ವಲ್ಪ ದಿನಕ್ಕೆ ಬಂದು ಹೋಗುವ ಪ್ರವಾಸಿಗರಿಗೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಕೊಡೋದಿಲ್ಲ. ಕೊಟ್ಟಿದ್ದರೂ ಕೊಳ್ಳಲು ಆಗುತ್ತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದರ ಏಳು ದಿನದ ಬೆಲೆ 29,650 ಯೆನ್‌ನಿಂದ ಒಂದೇ ಸಲ 50,000 ಯೆನ್‌ಗೆ ಏರಿತ್ತು. ಇನ್ನು ಬುಲೆಟ್ ರೈಲು. ಟೋಕಿಯೋದಿಂದ ಕ್ಯೋಟೋಗೆ ಒಂದು ಕಡೆಗೇ 14 ಸಾವಿರ ಯೆನ್ ಹತ್ತಿರ. ಸ್ಕಾಲರ್‌ಶಿಪ್ ದುಡ್ಡಿನಲ್ಲಿ ಬದುಕುವವಳಿಗೆ ಅದು ಒಂದು ತಿಂಗಳ ಅಕ್ಕಿ, ಬೇಳೆ, ತರಕಾರಿ.

ಆಗ ಲ್ಯಾಬಿನ ಜಪಾನೀ ಸೀನಿಯರ್ ಒಬ್ಬರು ಈ ಕಿಪ್ಪು ಬಗ್ಗೆ ಹೇಳಿದರು. ಕಿಪ್ಪು ಅಂದರೆ ಟಿಕೆಟ್. ಸೇಶುನ್ ಅಂದರೆ ಹರೆಯ. 1982ರಲ್ಲಿ, ರೈಲ್ವೆ ಇನ್ನೂ ಸರ್ಕಾರದ ಕೈಯಲ್ಲಿದ್ದಾಗ ಶುರುವಾದದ್ದು. ಹೆಸರಿನಲ್ಲಿ 18 ಇದ್ದರೂ ವಯಸ್ಸಿನ ಮಿತಿ ಇಲ್ಲ. ರೈಲು ಹತ್ತಿ ನೋಡಿದರೆ ಕೈಯಲ್ಲಿ ಈ ಕಿಪ್ಪು ಹಿಡಿದವರಲ್ಲಿ ಅರ್ಧಕ್ಕರ್ಧ ತಲೆ ನೆರೆತ ಅಜ್ಜಂದಿರು. ವರ್ಷಕ್ಕೆ ಮೂರು ಸಲ ಮಾತ್ರ ಬಳಸಬಹುದು. 2024ರಲ್ಲಿ ಅದು ಮಾರ್ಚ್ 1ರಿಂದ ಏಪ್ರಿಲ್ 10, ಜುಲೈ 20ರಿಂದ ಸೆಪ್ಟೆಂಬರ್ 10, ಡಿಸೆಂಬರ್ 10ರಿಂದ ಜನವರಿ 10 ಆಗಿತ್ತು. ಅಂದರೆ ಕಾಲೇಜು ರಜೆಯ ದಿನಗಳು.

ನಿಯಮ ಸರಳ. ಜೆಆರ್, ಅಂದರೆ ಹಿಂದಿನ ಸರ್ಕಾರಿ ರೈಲ್ವೆಯಿಂದ ಹುಟ್ಟಿದ ಕಂಪನಿಗಳ ಸಾಮಾನ್ಯ ರೈಲು ಮತ್ತು ರ‍್ಯಾಪಿಡ್ ರೈಲುಗಳಲ್ಲಿ ದಿನವಿಡೀ ಎಷ್ಟು ಬೇಕಾದರೂ ಹತ್ತಿ ಇಳಿಯಿರಿ. ಬುಲೆಟ್ ರೈಲು ಇಲ್ಲ, ಎಕ್ಸ್‌ಪ್ರೆಸ್ ಇಲ್ಲ. ನಮ್ಮ ಪ್ರಯಾಣದ ಗುಂಪಿನಲ್ಲಿದ್ದ ಹುಬ್ಬಳ್ಳಿ ಹುಡುಗನಿಗೆ ಇದನ್ನು ವಿವರಿಸಿದಾಗ ಅವನು ಒಂದೇ ಮಾತಿನಲ್ಲಿ ಮುಗಿಸಿದ: "ಅಕ್ಕಾ, ಪ್ಯಾಸೆಂಜರ್ ಗಾಡಿ ಅನ್ರಿ ಮತ್ತ." ಹೌದು, ಪ್ಯಾಸೆಂಜರ್ ಗಾಡಿಯೇ. ನಾನು ತಿಪಟೂರಿನವಳು. ಅರಸೀಕೆರೆ ಪ್ಯಾಸೆಂಜರ್‌ನಲ್ಲಿ ಓಡಾಡಿ ಬೆಳೆದವಳಿಗೆ ಇದೇನು ಹೊಸದಲ್ಲ ಅಂದುಕೊಂಡೆ. ಪ್ರತಿ ಗಾಡಿಯೂ ಹೇಳಿದ ನಿಮಿಷಕ್ಕೇ ಬಂದದ್ದು ಮಾತ್ರ ಹೊಸದು.

ಹಳೆಯ ಕಿಪ್ಪುವಿನ ಮಜಾ ಇದ್ದದ್ದು ಇಲ್ಲಿ. 12,050 ಯೆನ್‌ಗೆ ಒಂದು ಟಿಕೆಟ್. ಅದರ ಮೇಲೆ ಐದು ಖಾನೆ. ಒಬ್ಬರೇ ಐದು ದಿನ ಬಳಸಬಹುದು. ಆ ಐದು ದಿನ ಒಂದರ ಹಿಂದೆ ಒಂದು ಇರಬೇಕು ಅಂತಲೂ ಇರಲಿಲ್ಲ. ಇಲ್ಲವೇ ಐದು ಜನ ಒಂದೇ ದಿನ ಬಳಸಬಹುದು. ಐದು ಜನ ಬಳಸಿದರೆ ತಲೆಗೆ 2,410 ಯೆನ್. ಆಗಿನ ಲೆಕ್ಕದಲ್ಲಿ ಸುಮಾರು 1,300 ರೂಪಾಯಿ. ಆ ದುಡ್ಡಿಗೆ ಟೋಕಿಯೋದಿಂದ ಕ್ಯೋಟೋಗೆ, 500 ಕಿಲೋಮೀಟರಿಗೂ ಜಾಸ್ತಿ!

ನಾವು ಐದು ಜನ ಸೇರಿದೆವು. ನಾನು, ಹುಬ್ಬಳ್ಳಿ ಹುಡುಗ, ನೇಪಾಳದ ಪೋಖರಾದವನು, ವಿಯೆಟ್ನಾಂನ ಹುವೇ ಊರಿನ ಹುಡುಗಿ, ಇಂಡೋನೇಷ್ಯಾದ ಬಾಂಡುಂಗ್‌ನವಳು. ಐವರಿಗೂ ಬರುವ ಒಂದೇ ಭಾಷೆ ಅಂದರೆ ತರಗತಿಯಲ್ಲಿ ಕಲಿಯುತ್ತಿದ್ದ ಅರೆಬರೆ ಜಪಾನೀ. ಮೂರು ದಿನದ ಪ್ರಯಾಣಕ್ಕೆ ಮೂರು ಟಿಕೆಟ್ ತಗೊಂಡೆವು. ಟಿಕೆಟ್ ಇಟ್ಟುಕೊಳ್ಳುವ ಜವಾಬ್ದಾರಿ ನನ್ನ ಕುತ್ತಿಗೆಗೆ ಬಿತ್ತು. ಬಿತ್ತು ಅಂದರೆ ನಿಜವಾಗಿಯೂ ಕುತ್ತಿಗೆಗೇ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೇತುಹಾಕಿಕೊಂಡಿದ್ದೆ.

ಮಾರ್ಚ್ 25ರ ಬೆಳಿಗ್ಗೆ, ಆರು ಗಂಟೆಗೂ ಮುಂಚೆ ಟೋಕಿಯೋ ಸ್ಟೇಷನ್. ಹಳೆಯ ಕಿಪ್ಪು ಆಟೋಮ್ಯಾಟಿಕ್ ಗೇಟಿನಲ್ಲಿ ತೂರುತ್ತಿರಲಿಲ್ಲ. ಸಿಬ್ಬಂದಿ ನಿಂತಿರುವ ಗೇಟಿಗೇ ಹೋಗಬೇಕು. ಅಲ್ಲಿದ್ದವರು ಟಿಕೆಟ್ ತಗೊಂಡು, ನಮ್ಮ ಐದು ಮುಖ ನೋಡಿ, ಐದು ಖಾನೆಗೂ ಠಪ್ ಠಪ್ ಠಪ್ ಅಂತ ಮುದ್ರೆ ಒತ್ತಿದರು. ಪ್ರತಿ ಮುದ್ರೆಯಲ್ಲೂ ಸ್ಟೇಷನ್ ಹೆಸರು, ತಾರೀಕು. ಆಮೇಲೆ ಕೈಚಾಚಿ ಒಬ್ಬೊಬ್ಬರನ್ನೇ ಎಣಿಸಿ ಒಳಗೆ ಬಿಟ್ಟರು. ಮದುವೆ ದಿಬ್ಬಣದ ಬಸ್ಸಿನಲ್ಲಿ ತಲೆ ಎಣಿಸುತ್ತಾರಲ್ಲ, ಹಾಗೆ.

ಆತಾಮಿವರೆಗೆ ಎರಡು ಗಂಟೆ ಹತ್ತಿರ, ಸುಖವಾದ ಪ್ರಯಾಣ. ನೆಬುಕಾವಾ ಅನ್ನುವ ಪುಟ್ಟ ಸ್ಟೇಷನ್ ಬರುವ ಹೊತ್ತಿಗೆ ಎಡಗಡೆ ಕಿಟಕಿಯ ತುಂಬಾ ಸಮುದ್ರ. ಐವರೂ ಒಂದೇ ಕಡೆಗೆ ವಾಲಿದೆವು. ಎದುರಿಗೆ ಕೂತಿದ್ದ ಆಫೀಸಿನವರು ತಲೆಯೆತ್ತಲಿಲ್ಲ, ಅವರಿಗೆ ದಿನಾ ಇದ್ದದ್ದೇ.

ಆತಾಮಿ ಆದ ಮೇಲೆ ನಿಜವಾದ ಪರೀಕ್ಷೆ. ಅಲ್ಲಿ ಒಂದು ಜೆಆರ್ ಕಂಪನಿಯ ಗಡಿ ಮುಗಿದು ಇನ್ನೊಂದರದ್ದು ಶುರು. ಹತ್ತು ಹದಿನೈದು ಡಬ್ಬಿಯ ರೈಲಿನಿಂದ ಇಳಿದ ಜನರೆಲ್ಲ ಮೂರೋ ಆರೋ ಡಬ್ಬಿಯ ರೈಲಿಗೆ ಹತ್ತಬೇಕು. ಸೀಟು ನಮ್ಮ ಸಿಟಿ ಬಸ್ಸಿನ ಪಕ್ಕದ ಬೆಂಚಿನ ಹಾಗೆ, ಗೋಡೆಗುಂಟ ಉದ್ದಕ್ಕೆ. ಒರಗಲೂ ಆಗದು, ಕಿಟಕಿ ನೋಡಬೇಕೆಂದರೆ ಕತ್ತು ತಿರುಗಿಸಬೇಕು. ತೊಯೊಹಾಶಿವರೆಗೆ ಮೂರು ಗಂಟೆಗೂ ಜಾಸ್ತಿ ಇದೇ ಗತಿ. ಶಿಜುವೊಕಾ ಜಿಲ್ಲೆ ಮುಗಿಯುವುದೇ ಇಲ್ಲ ಅಂತ ಕಿಪ್ಪು ಪ್ರಯಾಣಿಕರು ಗೊಣಗುತ್ತಾರಂತೆ. ಸುಳ್ಳಲ್ಲ. ಶೌಚಕ್ಕೆ ಹೋಗುವುದಿದ್ದರೆ ಆತಾಮಿಯಲ್ಲೇ ಮುಗಿಸಿಕೊಳ್ಳಿ, ಇಷ್ಟೇ ಹೇಳುತ್ತೇನೆ.

ಆದರೆ ಬಲಗಡೆ ಫ್ಯೂಜಿ ಇದೆ. ಆ ದಿನ ಮೋಡ. ನುಮಾಜು ದಾಟಿದ ಮೇಲೆ ಒಂದು ಕ್ಷಣ ಮೋಡ ಸರಿದು ಬುಡದ ನೀಲಿ ಮಾತ್ರ ಕಾಣಿಸಿತು. ಅಷ್ಟಕ್ಕೇ ಹುವೇ ಹುಡುಗಿ ಎದ್ದು ನಿಂತು "ಇಳಿಯೋಣ" ಅಂದಳು. ಅವಳು ಎರಡು ವರ್ಷದಿಂದ ಜಪಾನಿನಲ್ಲಿದ್ದರೂ ಫ್ಯೂಜಿಯನ್ನು ನೆಟ್ಟಗೆ ನೋಡಿರಲಿಲ್ಲ. ಇಳಿಯೋಣ ಅಂದರೆ ಐದೂ ಜನ ಇಳಿಯಬೇಕು. ಇರೋದು ಒಂದೇ ಟಿಕೆಟ್ ಅಲ್ವಾ? ಒಬ್ಬಳೇ ಇಳಿದರೆ ಗೇಟಿನಿಂದ ಹೊರಗೆ ಹೋಗಲು ಅವಳ ಕೈಯಲ್ಲಿ ಏನೂ ಇಲ್ಲ. ನಾಲ್ಕು ಜನ ಮುಂದೆ ಹೋದರೆ ನಮ್ಮ ಕೈಯಲ್ಲಿ ಟಿಕೆಟ್ ಇದೆ, ಆದರೆ ಅವಳು ಸ್ಟೇಷನ್ನಿನಲ್ಲಿ ಬಂದಿ. ಇಳಿದೆವು. ಫ್ಯೂಜಿ ಅನ್ನುವ ಹೆಸರಿನ ಸ್ಟೇಷನ್ನಿನಲ್ಲೇ ಇಳಿದು ಮುಕ್ಕಾಲು ಗಂಟೆ ನಿಂತೆವು. ಮೋಡ ಜಗ್ಗಲಿಲ್ಲ. ಹುಬ್ಬಳ್ಳಿ ಹುಡುಗ ಚೀಲದಿಂದ ಅವಲಕ್ಕಿ ತೆಗೆದ. ನಾನು ಊರಿನ ಚಟ್ನಿಪುಡಿ ಕಲಸಿದೆ. ಪೋಖರಾದವನು ಅದನ್ನು "ಚಿವುರಾ" ಅಂದ, ಅವರಲ್ಲೂ ಅದೇ ಇದೆಯಂತೆ. ಪ್ಲಾಟ್‌ಫಾರ್ಮ್ ಬೆಂಚಿನಲ್ಲಿ ಕೂತು, ಕಾಣದ ಬೆಟ್ಟದ ಕಡೆ ಮುಖ ಮಾಡಿ ತಿಂದೆವು. ಬಾಂಡುಂಗ್‌ನವಳು ತಿನ್ನಲಿಲ್ಲ. ರಂಜಾನ್ ತಿಂಗಳು. ಪ್ರಯಾಣದಲ್ಲಿ ಉಪವಾಸ ಬಿಡಬಹುದಂತೆ, ಅವಳು ಬಿಡಲಿಲ್ಲ.

ಹಮಾಮಾತ್ಸುವಿನಲ್ಲಿ ಇನ್ನೊಂದು ತಮಾಷೆ. ರೈಲು ಬದಲಿಸಲು ಹತ್ತು ನಿಮಿಷ ಇತ್ತು. ಪೋಖರಾದವನು ಬಿಸಿ ಕಾರ್ನ್ ಸೂಪ್ ಡಬ್ಬಿ ಹುಡುಕಿಕೊಂಡು ಹೋದ. ಇಲ್ಲಿನ ವೆಂಡಿಂಗ್ ಮಷೀನಿನಲ್ಲಿ ಸೂಪೂ ಸಿಗುತ್ತದೆ, ಡಬ್ಬಿ ಬಿಸಿಯಾಗೇ ಬೀಳುತ್ತದೆ. ಅವನು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬರುವಾಗ ಬಾಗಿಲು ಮುಚ್ಚಿತು. ನಾವು ನಾಲ್ವರು ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟುಕೊಂಡು ನಿಂತಿದ್ದವರು ಹಿಂದಕ್ಕೆ ಹಾರಿದೆವು. ಯಾರೂ ಬೈಯಲಿಲ್ಲ. ಆ ಒಂದು ಡಬ್ಬಿ ಸೂಪನ್ನು ನಾಲ್ಕು ಜನ ಹಂಚಿಕೊಂಡು ಮುಂದಿನ ಗಾಡಿಗೆ ಕಾದೆವು.

ತೊಯೊಹಾಶಿಯಲ್ಲಿ ಒಬ್ಬ ಅಜ್ಜ ಸಿಕ್ಕರು. ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ, ದೇಶದ ಎಲ್ಲ ರೈಲುಗಳ ವೇಳಾಪಟ್ಟಿ. ಪ್ರತಿ ತಿಂಗಳೂ ಹೊಸದು ಬರುತ್ತದಂತೆ. ನನ್ನ ಕುತ್ತಿಗೆಯ ಟಿಕೆಟ್ ನೋಡಿ ನಕ್ಕರು. ತಮ್ಮದನ್ನೂ ತೆಗೆದು ತೋರಿಸಿದರು, ಮೂರು ಮುದ್ರೆ ಬಿದ್ದಿದ್ದವು. ನಾವು ಫೋನಿನಲ್ಲಿ ನೋಡಿಟ್ಟುಕೊಂಡಿದ್ದ ರೈಲನ್ನು ಕೇಳಿ ತಲೆ ಆಡಿಸಿ, ಬೆರಳಲ್ಲಿ ಸಾಲು ಸಾಲು ಇಳಿದು, ಮುಂದೆ ರೈಲು ಬದಲಿಸುವ ಓಗಾಕಿಯಲ್ಲಿ ಯಾವ ಡಬ್ಬಿಯಲ್ಲಿದ್ದರೆ ಮೆಟ್ಟಿಲು ಹತ್ತಿರ ಅನ್ನುವುದನ್ನೂ ಹೇಳಿದರು. ಯಾಕೆ ಹೇಳಿದರು ಅಂತ ಓಗಾಕಿ ಬಂದಾಗ ಅರ್ಥವಾಯಿತು. ಬಾಗಿಲು ತೆರೆದದ್ದೇ ತಡ, ಇಡೀ ರೈಲಿನ ಜನ ಓಡುತ್ತಾರೆ! ಮುಂದಿನ ಮೈಬಾರಾ ಗಾಡಿ ಚಿಕ್ಕದು, ಸೀಟು ಕಡಿಮೆ. ಜಪಾನಿನಲ್ಲಿ ಸ್ಟೇಷನ್ನಿನೊಳಗೆ ಜನ ಹೀಗೆ ಓಡೋದನ್ನು ನಾನು ನೋಡಿದ್ದು ಅಲ್ಲೇ. ಅಜ್ಜ ಓಡಲಿಲ್ಲ, ಸರಸರ ನಡೆದರು. ಸೀಟು ಸಿಕ್ಕಿದ್ದು ಅವರಿಗೆ.

ಕ್ಯೋಟೋ ತಲುಪಿದಾಗ ಸಂಜೆ ಐದೂವರೆ. ಮನಸ್ಸು ಮಾಡಿದರೆ ಒಂಬತ್ತು ಗಂಟೆಯಲ್ಲಿ ಮುಗಿಯುವ ದಾರಿಗೆ ನಮಗೆ ಹನ್ನೊಂದೂವರೆ ಆಗಿತ್ತು. ಸಕುರಾ, ಅಂದರೆ ಚೆರ್ರಿ ಹೂವು, ಆ ವರ್ಷ ತಡ, ಬರೀ ಮೊಗ್ಗು. ಕ್ಯೋಟೋ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.

ಎರಡನೇ ಟಿಕೆಟ್ಟನ್ನು ನಾವು ಹಾಳು ಮಾಡಿದ ಕತೆ ಮಾತ್ರ ಹೇಳಲೇಬೇಕು. ತಪ್ಪು ಪೂರ್ತಿ ನಮ್ಮದೇ. ಕ್ಯೋಟೋದಿಂದ ಕನಾಜಾವಾಗೆ ಒಂದು ದಿನ ಹೋಗಿ ಬರೋಣ ಅಂತ ಹಳೆಯ ಬರಹ ಯಾವುದನ್ನೋ ಓದಿ ಲೆಕ್ಕ ಹಾಕಿದ್ದೆ. ಬೆಳಿಗ್ಗೆ ಬೇಗ ಹೊರಟೆವು. ಬಲಗಡೆ ಬಿವಾ ಸರೋವರ, ಎಡಗಡೆ ಹಿಮ ಉಳಿದ ಬೆಟ್ಟ. ಓಮಿ ಇಮಾಜು ಅನ್ನುವಲ್ಲಿ ರೈಲನ್ನು ತುಂಡು ಮಾಡಿ ಮುಂದಿನ ನಾಲ್ಕು ಡಬ್ಬಿ ಮಾತ್ರ ಮುಂದೆ ಕಳಿಸುತ್ತಾರೆ. ಆ ಘೋಷಣೆ ಬಾಂಡುಂಗ್‌ನವಳ ಕಿವಿಗೆ ಬೀಳದಿದ್ದರೆ ಅಲ್ಲೇ ಕೂತಿರುತ್ತಿದ್ದೆವು. ಅಂತೂ ತ್ಸುರುಗಾ ಮುಟ್ಟಿದೆವು. ಮುಂದಿನ ರೈಲು ಯಾವುದು ಅಂತ ಕೇಳಿದಾಗ ಸಿಬ್ಬಂದಿ ನನ್ನ ಟಿಕೆಟ್ ನೋಡಿ ಎರಡೂ ಕೈ ಎದೆಯ ಮುಂದೆ ಗುಣಿಸು ಚಿಹ್ನೆ ಮಾಡಿದರು.

ಆಗಿದ್ದು ಇಷ್ಟು. ಬರೀ ಹತ್ತು ದಿನದ ಹಿಂದೆ, ಮಾರ್ಚ್ 16ಕ್ಕೆ, ಬುಲೆಟ್ ರೈಲು ತ್ಸುರುಗಾವರೆಗೆ ಬಂದಿತ್ತು. ಇಲ್ಲಿ ಒಂದು ಪದ್ಧತಿ ಇದೆ. ಇಂಥ ಕಡೆ ಬುಲೆಟ್ ರೈಲು ಬಂದ ಮೇಲೆ ಅದರ ಪಕ್ಕದ ಹಳೆಯ ಹಳಿಯನ್ನು ಜೆಆರ್ ಬಿಟ್ಟುಕೊಡುತ್ತದೆ, ಜಿಲ್ಲೆಯ ಆಡಳಿತ ಮತ್ತು ಸ್ಥಳೀಯರು ಸೇರಿ ಮಾಡಿದ ಕಂಪನಿ ಅದನ್ನು ನಡೆಸುತ್ತದೆ. ತ್ಸುರುಗಾದಿಂದ ಆಚೆಯ ಹಳಿ ಈಗ ಹಾಪಿಲೈನ್ ಫುಕುಯಿ ಮತ್ತು ಐಆರ್ ಇಶಿಕಾವಾ ಕಂಪನಿಗಳದ್ದು. ಹಳಿ ಅದೇ, ಸ್ಟೇಷನ್ ಅದೇ, ಆದರೆ ಜೆಆರ್ ಅಲ್ಲ. ಕನಾಜಾವಾಗೆ ಹೋಗಲು ಕಿಪ್ಪು ನಡೆಯೋದಿಲ್ಲ. ಬೇರೆ ಟಿಕೆಟ್ ತಗೊಂಡರೆ ಹೋಗಬಹುದು, ಹೋಗಿ ಬರುವ ಖರ್ಚು ನಮ್ಮ ಲೆಕ್ಕವನ್ನೇ ಬುಡಮೇಲು ಮಾಡುತ್ತಿತ್ತು.

ಐವರೂ ಸ್ಟೇಷನ್ ಮುಂದೆ ನಿಂತೆವು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಯೋಜನೆ ನನ್ನದು ತಾನೇ! ಹುಬ್ಬಳ್ಳಿ ಹುಡುಗ ಮಾತ್ರ, "ಇಲ್ಲೂ ಊರೈತಲ್ಲಕ್ಕ, ನಡೀರಿ ನೋಡೂಣು" ಅಂದು ಹೊರಟೇಬಿಟ್ಟ. ಕೆಹಿ ದೇಗುಲದ ಎದುರಿನ ಕೆಂಪು ಮರದ ತೊರಿಯಿ ಹೆಬ್ಬಾಗಿಲು, ಸುಮಾರು ಹನ್ನೊಂದು ಮೀಟರ್ ಎತ್ತರದ್ದು, ನೋಡಿದೆವು. ಅಲ್ಲಿಂದ ನಡೆದು ಕೆಹಿ ನೋ ಮತ್ಸುಬಾರಾಗೆ. ಸಮುದ್ರದ ಅಂಚಿಗೆ ಒಂದೂವರೆ ಕಿಲೋಮೀಟರ್ ಪೈನ್ ತೋಪು. ಜನವೇ ಇಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹುವೇ ಹುಡುಗಿ ಶೂ ಬಿಚ್ಚಿ ನೀರಿಗೆ ಇಳಿದು ಕಿರುಚಿಕೊಂಡು ಓಡಿ ಬಂದಳು. ಮಧ್ಯಾಹ್ನ ಪೂರ್ತಿ ಅಲ್ಲೇ ಮರದ ಕೆಳಗೆ ಕೂತು ಅವರವರ ನಾಡಿನ ಸಮುದ್ರದ ಬಗ್ಗೆ ಹೇಳಿಕೊಂಡೆವು. ಪೋಖರಾದವನು, "ನಮ್ಮಲ್ಲಿ ಸಮುದ್ರ ಇಲ್ಲ, ನಾನು ಕೇಳ್ತೀನಿ" ಅಂದ. ನಾನೂ ತಿಪಟೂರಿನವಳು, ತೆಂಗಿನ ಮರ ಬೇಕಾದಷ್ಟು, ಸಮುದ್ರ ಇಲ್ಲ. ಅವನ ಪಕ್ಕ ಕೂತೆ.

ಊಟದ ಬಗ್ಗೆ ಒಂದು ಮಾತು. ನಾನು ಸಸ್ಯಾಹಾರಿ. ಜಪಾನಿನ ಹೆಚ್ಚಿನ ಸಾರು, ಸೂಪುಗಳ ಮೂಲ ಒಣಮೀನಿನ ತಿಳಿ. ತೋಫು ಅಂತ ತಗೊಂಡರೂ ಕೆಳಗೆ ಅದೇ ಇರುತ್ತದೆ. ದಾರಿಯುದ್ದ ನನ್ನನ್ನು ಕಾಪಾಡಿದ್ದು ಅಂಗಡಿಗಳಲ್ಲಿ ಸಿಗುವ ಯಾಕಿ ಇಮೋ, ನಮ್ಮ ಸುಟ್ಟ ಗೆಣಸೇ. ಅದರ ಜೊತೆಗೆ ಬಾಳೆಹಣ್ಣು, ಮನೆಯಿಂದ ತಂದ ಅವಲಕ್ಕಿ. ಕೋಕೋ ಇಚಿಬಾನ್ಯಾ ಅನ್ನುವ ಕರ‍್ರಿ ಅಂಗಡಿಯ ಕೆಲವು ಶಾಖೆಗಳಲ್ಲಿ ಸಸ್ಯಾಹಾರಿ ಕರ‍್ರಿ ಸಿಗುತ್ತದೆ. ಖಾರದ ಮಟ್ಟ ನಾವೇ ಹೇಳಬಹುದು. ಅದು ಸಿಕ್ಕ ದಿನ ಹಬ್ಬ.

ಮೂರನೇ ಟಿಕೆಟ್, ಕ್ಯೋಟೋದಿಂದ ಹಿರೋಶಿಮಾ. ನಡುವೆ ಹಿಮೆಜಿಯಲ್ಲಿ ಇಳಿದೆವು. ಸ್ಟೇಷನ್ ಹೊರಗೆ ಬಂದರೆ ನೇರ ರಸ್ತೆಯ ತುದಿಯಲ್ಲಿ ಬಿಳಿ ಕೋಟೆ. ಹೀಗೆ ಇಳಿದು ನೋಡಿ ಮತ್ತೆ ಹತ್ತುವುದಕ್ಕೆ ಒಂದು ಯೆನ್ ಜಾಸ್ತಿ ಇಲ್ಲ ಅನ್ನೋದು ಈ ಟಿಕೆಟ್ಟಿನ ದೊಡ್ಡ ಗುಣ. ಐಓಯಿಯಲ್ಲಿ ಮತ್ತೆ ಓಟ, ಮತ್ತೆ ನೂಕುನುಗ್ಗಲು, ಓಕಾಯಾಮಾವರೆಗೆ ನಿಂತೇ ಹೋದೆವು.

ಇತೊಜಾಕಿಯಲ್ಲಿ ರೈಲು ಬದಲಿಸಬೇಕು. ಸುತ್ತ ಏನೂ ಇಲ್ಲದ ಸ್ಟೇಷನ್. ಆರೂವರೆ ಆಗಿತ್ತು. ಬಾಂಡುಂಗ್‌ನವಳು ಫೋನ್ ನೋಡಿದಳು, ಪಶ್ಚಿಮದ ಕಡೆ ನೋಡಿದಳು. ಹೊತ್ತು ಮುಳುಗುವುದಕ್ಕೆ ಇನ್ನೂ ನಾಲ್ಕು ನಿಮಿಷ. ರೈಲು ಹೊರಡುವುದಕ್ಕೆ ಏಳು ನಿಮಿಷ. ರೈಲಿನಲ್ಲಿ ತಿನ್ನುವುದು ಅವಳಿಗೆ ಮುಜುಗರ, ಇಲ್ಲಿ ಲೋಕಲ್ ರೈಲಿನಲ್ಲಿ ಯಾರೂ ತಿನ್ನುವುದಿಲ್ಲ. ನಾವು ಐವರೂ ಬಾಗಿಲ ಮುಂದೆ ಪ್ಲಾಟ್‌ಫಾರ್ಮಿನಲ್ಲೇ ನಿಂತೆವು. ಅವಳು ಟಿಶ್ಯೂ ಕಾಗದ ಬಿಚ್ಚಿ ಖರ್ಜೂರ ತೆಗೆದಳು. ಐದು ಇದ್ದವು. ಬೆಳಿಗ್ಗೆಯೇ ಎಣಿಸಿ ಇಟ್ಟುಕೊಂಡಿದ್ದಳು. ಹೊತ್ತು ಸರಿಯಾದ ಮೇಲೆ ಎಲ್ಲರೂ ಒಂದೊಂದು ತಿಂದು, ಬೀಜ ಜೇಬಿಗೆ ಹಾಕಿಕೊಂಡು ಹತ್ತಿದೆವು. ಜಪಾನಿನಲ್ಲಿ ಕಸದ ಬುಟ್ಟಿ ಸುಲಭಕ್ಕೆ ಸಿಗಲ್ಲ.

ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದ ಪ್ರವೇಶ ಶುಲ್ಕ ಆಗ 200 ಯೆನ್. ಒಳಗೆ ಏನು ನೋಡಿದೆವು ಅಂತ ಒಂದು ಟಿಕೆಟ್ಟಿನ ವಿಮರ್ಶೆಯಲ್ಲಿ ಬರೆಯಲು ಮನಸ್ಸಿಲ್ಲ. ಮಿಯಾಜಿಮಾ ದ್ವೀಪಕ್ಕೆ ನಾಲ್ಕನೇ ದಿನ ದುಡ್ಡು ಕೊಟ್ಟೇ ಹೋದೆವು, ಅಷ್ಟು ಸಣ್ಣ ದಾರಿಗೆ ಇನ್ನೊಂದು ಕಿಪ್ಪು ದಂಡ. ನಿಮ್ಮ ಕೈಯಲ್ಲಿ ಆ ದಿನದ ಕಿಪ್ಪು ಇದ್ದರೆ ಜೆಆರ್ ದೋಣಿಯೂ ಅದರಲ್ಲೇ ಬರುತ್ತದೆ. 2023ರ ಅಕ್ಟೋಬರ್‌ನಿಂದ ಹಾಕಿರುವ 100 ಯೆನ್ ಭೇಟಿ ತೆರಿಗೆ ಮಾತ್ರ ಕೈಯಿಂದ ಕೊಡಬೇಕು. ವಾಪಸ್ ಬಂದದ್ದು ರಾತ್ರಿ ಬಸ್ಸಿನಲ್ಲಿ.

ಲೆಕ್ಕ ನೋಡಿ. ಮೂರು ಟಿಕೆಟ್ 36,150 ಯೆನ್. ತಲೆಗೆ 7,230. ತ್ಸುರುಗಾ ದಿನ ಹಾಳಾಗಿದ್ದೂ ಸೇರಿ. ಟೋಕಿಯೋದಿಂದ ಹಿರೋಶಿಮಾಗೆ ಬುಲೆಟ್ ರೈಲಿನಲ್ಲಿ ಒಂದು ಕಡೆಗೇ 19 ಸಾವಿರ ಯೆನ್ ದಾಟುತ್ತದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊಸ ನಿಯಮದ ಸುದ್ದಿ ಬಂತು. ಆ ಚಳಿಗಾಲದಿಂದ ಐದು ದಿನದ ಟಿಕೆಟ್ 12,050 ಯೆನ್, ಜೊತೆಗೆ ಹೊಸದಾಗಿ ಮೂರು ದಿನದ್ದು 10,000 ಯೆನ್. ಆದರೆ ದಿನಗಳು ಒಂದರ ಹಿಂದೆ ಒಂದು ಇರಬೇಕು, ಶುರುವಿನ ತಾರೀಕನ್ನು ಕೊಳ್ಳುವಾಗಲೇ ಹೇಳಬೇಕು. ಒಂದು ಟಿಕೆಟ್ ಒಬ್ಬರಿಗೇ. ಹಂಚಿಕೊಳ್ಳುವ ಹಾಗಿಲ್ಲ. ಬದಲಿಗೆ ಸಿಕ್ಕಿದ್ದು, ಆಟೋಮ್ಯಾಟಿಕ್ ಗೇಟಿನಲ್ಲಿ ನಡೆಯುತ್ತದೆ. ಸಿಬ್ಬಂದಿಯ ಗೇಟಿನ ಮುಂದೆ ಕ್ಯೂ ನಿಲ್ಲಬೇಕಾಗಿಲ್ಲ. ಇದು ನಿಜಕ್ಕೂ ಒಳ್ಳೆಯದೇ, ಅಲ್ಲಗಳೆಯೋದಿಲ್ಲ.

ಡಿಸೆಂಬರ್ ಕೊನೆಯಲ್ಲಿ ಮತ್ತೆ ಹೋಗೋಣ ಅಂತ ಹೊರಟೆವು. ಬಾಂಡುಂಗ್‌ನವಳ ವಿನಿಮಯ ಕೋರ್ಸ್ ಮುಗಿದು ಊರಿಗೆ ಹೋಗಿದ್ದಳು. ಪೋಖರಾದವನಿಗೆ ಬೈತೊ, ಅಂದರೆ ಪಾರ್ಟ್‌ಟೈಮ್ ಕೆಲಸ. ವರ್ಷದ ಕೊನೆಯಲ್ಲಿ ಅಂಗಡಿಯವರು ಸತತ ಮೂರು ದಿನ ರಜೆ ಕೊಡೋದಿಲ್ಲ ಅಂದರು. ಹಳೆಯ ಕಿಪ್ಪು ಆಗಿದ್ದರೆ ಒಂದು ದಿನಕ್ಕಾದರೂ ನಮ್ಮ ಜೊತೆ ಬಂದು, 2,410 ಯೆನ್ ಕೊಟ್ಟು, ರಾತ್ರಿ ವಾಪಸ್ ಹೋಗಬಹುದಿತ್ತು. ಈಗ ಒಂದು ದಿನಕ್ಕೂ 10,000. ಅವನು ಬರಲಿಲ್ಲ. ಉಳಿದದ್ದು ಮೂರು ಜನ.

ಈ ಸಲ ಮತ್ಸುಮೊತೊ ಕಡೆಗೆ. ಕಪ್ಪು ಕೋಟೆ, ಹಿಂದೆ ಹಿಮದ ಬೆಟ್ಟಗಳು, ಚೆನ್ನಾಗಿತ್ತು. ಮೊದಲ ದಿನ ಗೇಟಿನಲ್ಲಿ ಮೂವರೂ ಮೂರು ಗೇಟಿಗೆ ಟಿಕೆಟ್ ತೂರಿಸಿ ಒಳಗೆ ಹೋದೆವು. ಯಾರೂ ನಮ್ಮನ್ನು ಎಣಿಸಲಿಲ್ಲ. ಎರಡನೇ ದಿನ ಹುಬ್ಬಳ್ಳಿ ಹುಡುಗ, "ನೀವು ಹೋಗಿ ಬರ್ರಿ, ನಾ ಮಲ್ಕೋತೀನಿ" ಅಂದು ಹೊದ್ದುಕೊಂಡ. ನಾನೂ ಹುವೇ ಹುಡುಗಿಯೂ ನಾಗಾನೋ ರೈಲು ಹತ್ತಿದೆವು. ದಾರಿಯಲ್ಲಿ ಒಬಾಸುತೆ ಅನ್ನುವ ಸ್ಟೇಷನ್ ಇದೆ. ಬೆಟ್ಟದ ಪಕ್ಕಕ್ಕೆ ಅಂಟಿಕೊಂಡಿದೆ. ಏರು ಜಾಸ್ತಿ, ಅದಕ್ಕೆ ರೈಲು ಹಿಂದೆ ಮುಂದೆ ಸರಿದು ಒಳಗೆ ಬರುತ್ತದೆ. ಕೆಳಗೆ ಬಯಲು ಪೂರ್ತಿ ಕಾಣುತ್ತದೆ. "ಇಳಿಯೋಣ" ಅಂದಳು. ಹೊರಗೆ ಕೊರೆಯುವ ಚಳಿ, ಮುಂದಿನ ಗಾಡಿಗೆ ತುಂಬಾ ಹೊತ್ತಿತ್ತು. "ನೀನು ಇಳಿ, ನಾನು ನಾಗಾನೋದಲ್ಲಿ ಸಿಗ್ತೀನಿ" ಅಂದೆ. ಅವಳ ಟಿಕೆಟ್ ಅವಳ ಹತ್ತಿರ ಇತ್ತಲ್ಲ. ಇಳಿದಳು. ಸಂಜೆ ಸಿಕ್ಕಾಗ ಫೋಟೋ ತೋರಿಸಿದಳು. ಚೆನ್ನಾಗಿದ್ದವು.

ಇನ್ನು ಕೊಳ್ಳಬೇಕೋ ಬೇಡವೋ ಅಂತ ಕೇಳುವವರಿಗೆ. ಒಬ್ಬರೇ ಹೋಗುತ್ತೀರಾ, ಐದು ದಿನ ಪೂರ್ತಿ ಕೈಯಲ್ಲಿದೆಯಾ, ದಿನಾ ದೂರ ದೂರ ಹೋಗುವವರಾ? ಐದು ದಿನದ್ದು ಕಣ್ಣು ಮುಚ್ಚಿ ತಗೊಳ್ಳಿ, ಈಗಲೂ ದಿನಕ್ಕೆ 2,410 ಯೆನ್ನೇ. ಮೂರು ದಿನದ್ದಕ್ಕೆ ದಿನಕ್ಕೆ 3,333 ಬೀಳುತ್ತದೆ, ಟೋಕಿಯೋದಿಂದ ಕ್ಯೋಟೋಗೆ ಹೋಗಿ ಬರುವಂಥ ಉದ್ದ ಪ್ರಯಾಣ ಇದ್ದರೆ ಮಾತ್ರ ಲಾಭ. ಒಂದೇ ಊರಿನಲ್ಲಿ ಎರಡು ದಿನ ಸುತ್ತುವ ಆಸೆ ಇದ್ದರೆ ಆ ಎರಡು ದಿನದ ದುಡ್ಡು ನೀರಿಗೆ ಹಾಕಿದ ಹಾಗೆ. ಐದು ಜನ ಒಂದು ದಿನಕ್ಕೆ ಸುಮ್ನೆ ಎಲ್ಲಾದರೂ ಹೋಗಿ ಬರುವುದಾದರೆ ಇದನ್ನು ಮರೆತುಬಿಡಿ. ಡಿಗ್ರಿ ಓದುತ್ತಿರುವವರು ಮೊದಲು ಕಾಲೇಜಿನ ಆಫೀಸಿನಲ್ಲಿ ಗಕುವಾರಿ, ಅಂದರೆ ವಿದ್ಯಾರ್ಥಿ ರಿಯಾಯಿತಿಯ ಚೀಟಿ ಕೇಳಿ. ಒಂದು ಕಡೆಗೆ 100 ಕಿಲೋಮೀಟರ್ ದಾಟಿದರೆ ಮೂಲ ದರದಲ್ಲಿ ನೂರಕ್ಕೆ ಇಪ್ಪತ್ತು ಬಿಡುತ್ತಾರೆ. ಬುಲೆಟ್ ರೈಲಿನ ಮೂಲ ದರಕ್ಕೂ ಅದು ಅನ್ವಯಿಸುತ್ತದೆ. ಮತ್ತೆ, ಹೋಗುವ ದಾರಿಯ ಪ್ರತಿ ಹಳಿಯೂ ಜೆಆರ್‌ದೇ ಅಂತ ಈ ತಿಂಗಳ ನಕ್ಷೆಯಲ್ಲಿ ನೋಡಿಕೊಳ್ಳಿ. ಹಳೆಯ ಬರಹ ನಂಬಬೇಡಿ. ಇದನ್ನೂ ಸೇರಿಸಿ.

ಹಳೆಯ ಟಿಕೆಟ್ಟುಗಳನ್ನು ಬಳಸಿದ ಮೇಲೆ ನಾವೇ ಇಟ್ಟುಕೊಳ್ಳಬಹುದಿತ್ತು. ಹಿರೋಶಿಮಾದಲ್ಲಿ ರಾತ್ರಿ ಬಸ್ಸಿಗೆ ಕಾಯುವಾಗ ಆ ಪ್ರಶ್ನೆ ಎದ್ದಿತು. ಮೂರು ಟಿಕೆಟ್, ಐದು ಜನ. ಜಾನ್‌ಕೆನ್ ಆಡಿದೆವು, ಕಲ್ಲು ಕತ್ತರಿ ಕಾಗದದ ಆಟ. ಟೋಕಿಯೋ ಮುದ್ರೆಯದ್ದು ಬಾಂಡುಂಗ್‌ನವಳಿಗೆ ಹೋಯಿತು, ಊರಿಗೆ ತಗೊಂಡು ಹೋಗಿದ್ದಾಳೆ. ಹಿರೋಶಿಮಾ ದಿನದ್ದು ಪೋಖರಾದವನಿಗೆ. ಉಳಿದದ್ದು ಯಾರಿಗೂ ಬೇಡವಾಗಿತ್ತು, ತ್ಸುರುಗಾ ದಿನದ್ದು. "ನಿಂದೇ ಪ್ಲ್ಯಾನು, ನೀನೇ ಇಟ್ಕೋ" ಅಂತ ಆಟವಿಲ್ಲದೆ ನನ್ನ ಕುತ್ತಿಗೆಗೇ ಬಿಟ್ಟರು. ಈಗ ಅದು ನನ್ನ ಮೇಜಿನ ಗಾಜಿನ ಕೆಳಗಿದೆ. ಐದು ಮುದ್ರೆ, ಐದರಲ್ಲೂ ಕ್ಯೋಟೋ. ನಾಲ್ಕನೆಯದು ಸ್ವಲ್ಪ ಮಸುಕು.